ಗೋಡೆ ನೋಡಿ ಮಾತಾಡಲು ಕಲಿಸಿದವರು ನಾವೇ

ಜನವರಿ, ಆಗಸ್ಟ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಲ್ಲಿ ಭಾಷಣ ಸ್ಪರ್ಧೆಗಳ ಸುಗ್ಗಿ. ನಿವೃತ್ತನಾದ ಮೇಲೂ ನನ್ನನ್ನು ನಿರ್ಣಾಯಕನೆಂದು ಕರೆಯುವ ಔದಾರ್ಯ ಕೆಲವರಲ್ಲಿ ಉಳಿದಿದೆ. ಹೋದಲ್ಲೆಲ್ಲ ಕಾಣುವುದು ಒಂದೇ ದೃಶ್ಯ: ಮಗು ಎದುರು ಗೋಡೆಯ ಮೇಲಂಚಿಗೆ ಕಣ್ಣು ನೆಟ್ಟು, ಕಂಠಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿ, ವಂದಿಸಿ ಇಳಿಯುತ್ತದೆ. "ಮಂದಿ ಮಾರಿ ನೋಡಬ್ಯಾಡ, ಅಂಜಿಕಿ ಬರ್ತದ, ತಲಿ ಮ್ಯಾಲೆ ನೋಡು" ಎಂಬ ಉಪದೇಶ ಮಾಸ್ತರರದು. ನಾನೂ ಅದನ್ನು ವರ್ಷಗಟ್ಟಲೆ ಮಾಡಿದವನೇ.

ಅದರ ಫಲವನ್ನೂ ಕಂಡೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ನಡುವೆ ಮಾತು ಮರೆತು ನಿಂತಳು. ಅವಳ ತಾಯಿ ವಿದ್ಯುತ್ ಮಗ್ಗದಲ್ಲಿ ದುಡಿಯುವಾಕೆ. ಮಗಳ ಭಾಷಣವನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದರು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅಲ್ಲಿ ತುಟಿ, ಕಣ್ಣುಗಳಿಂದಲೇ ವ್ಯವಹಾರ. ಆ ತಾಯಿ ಮೊದಲ ಸಾಲಿನಿಂದ ತುಟಿಯಾಡಿಸಿ ಮರೆತ ಪದವನ್ನು ತೋರಿಸುತ್ತಲೇ ಇದ್ದರು. ಹುಡುಗಿ ಮಾತ್ರ ನಾನು ಕಲಿಸಿದಂತೆ ಗೋಡೆಯನ್ನೇ ನೋಡುತ್ತಿದ್ದಳು. ಅಳುತ್ತ ಇಳಿದಳು.

ಅಂಜಿಕೆಯ ಮೂಲ ವೇದಿಕೆಯಲ್ಲಿಲ್ಲ, ಮನೆಯಲ್ಲಿದೆ. "ಕಣ್ಣಾಗ ಕಣ್ಣಿಟ್ಟು ಮಾತಾಡ್ತೀ ಏನ?" ಎಂಬುದು ನಮ್ಮಲ್ಲಿ ಪ್ರಶ್ನೆಯಲ್ಲ, ಗದರಿಕೆ. ಹೆಣ್ಣುಮಗುವಿಗೆ, ಬಡವರ ಮಗುವಿಗೆ ಅದು ಎರಡು ಪಟ್ಟು. ವರ್ಷವಿಡೀ ತಲೆ ತಗ್ಗಿಸಲು ಹೇಳಿ, ಗಣರಾಜ್ಯೋತ್ಸವದ ದಿನ ಮಾತ್ರ ಧೈರ್ಯವಾಗಿ ಮಾತಾಡೆಂದರೆ ಎಲ್ಲಿಂದ ಬಂದೀತು?

ದೊಡ್ಡವರೇನು ಕಡಿಮೆಯೇ? ವೇದಿಕೆಯ ಗಣ್ಯರ ಹೆಸರು ಹೇಳುತ್ತ ಅರ್ಧ ಭಾಷಣವನ್ನು ಸಭೆಗೆ ಬೆನ್ನು ಮಾಡಿ ಮುಗಿಸುತ್ತಾರೆ, ಉಳಿದರ್ಧ ಕ್ಯಾಮೆರಾಕ್ಕೆ. ಹೆಂಗಸರು ಕೂತ ಬದಿಗೆ ದೃಷ್ಟಿ ಹೊರಳುವುದೇ ಇಲ್ಲ.

ಇದೇ ನೆಲದಲ್ಲಿ ಶ್ರೀಕೃಷ್ಣ ಪಾರಿಜಾತ ಬೆಳೆಯಿತು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಆ ರಂಗದಲ್ಲಿ ಹೆಸರು ಮಾಡಿದ ಹೆಣ್ಣುಮಗಳು. ರಾತ್ರಿಯಿಡೀ ನಡೆಯುವ ಆ ಆಟದಲ್ಲಿ ದೂತಿಯ ಚುರುಕು ಮಾತಿಗೆ ನಗು ಹುಟ್ಟಬೇಕಾದರೆ ಜನರ ಮುಖ ಓದಲೇಬೇಕು; ತೂಕಡಿಸುವವರನ್ನು ಎಬ್ಬಿಸಲೂಬೇಕು. ಗೋಡೆ ನೋಡಿದರೆ ಪಾರಿಜಾತ ಆಗುವುದಿಲ್ಲ.

ಮಾಸ್ತರ ಮಿತ್ರರು ಸಿಟ್ಟಾಗಬಾರದು. ಮೊದಲ ಎರಡು ವಾಕ್ಯ ಬಾಯಿಗೆ ಬರಲಿ. ಉಳಿದುದಕ್ಕೆ ಚೀಟಿ ಇರಲಿ. ಚೀಟಿ ನೋಡುವಾಗ ಮಗು ಮೌನವಾಗಿರಲಿ, ತಲೆಯೆತ್ತಿದ ಮೇಲೆ ಮಾತಾಡಲಿ. ಒಂದು ಮುಖಕ್ಕೆ ಒಂದು ವಾಕ್ಯ ಪೂರ್ತಿ ಹೇಳಿ ಇನ್ನೊಂದು ಮುಖಕ್ಕೆ ಹೋಗಲಿ: ಹಿಂದಿನ ಸಾಲಿಗೆ, ಬಾಗಿಲ ಬಳಿ ನಿಂತವರಿಗೆ, ಹೆಂಗಸರ ಬದಿಗೆ. ಫ್ಯಾನಿನಂತೆ ಕತ್ತು ತಿರುಗಿಸುವುದು ಬೇಡ. ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗು ನಮ್ಮ ಕಣ್ಣು ನೋಡಿದರೆ ನಾವು ಹುಬ್ಬು ಗಂಟಿಕ್ಕದೆ ಇರಬೇಕು. ನನಗೆ ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ನಿರ್ಣಾಯಕರ ಹಾಳೆಯಲ್ಲಿ ‘ಹಾವಭಾವ’ಕ್ಕೆ ಅಂಕಗಳಿರುತ್ತವೆ. ಕಳೆದ ಸಲ ಕೈಗಳನ್ನು ಒಮ್ಮೆಯೂ ಎತ್ತದ, ಎರಡು ಸಲ ತಡವರಿಸಿದ, ಆದರೆ ನಮ್ಮೆಲ್ಲರನ್ನೂ ನೋಡಿ ಮಾತಾಡಿದ ಹುಡುಗನಿಗೆ ಅವನ್ನು ಪೂರ್ತಿ ಕೊಟ್ಟೆ. ಜೊತೆಯ ನಿರ್ಣಾಯಕರು ಒಪ್ಪಲಿಲ್ಲ. ವಾದ ಚಹಾ ಆರುವವರೆಗೂ ನಡೆಯಿತು.