ನಡುವಿನದನ್ನ ಮೊದಲು ಹಿಡೀರಿ

ಎಂಟನೇ ಕ್ಲಾಸಿನ ಲೆಕ್ಕ ಅಂದ್ರೆ "ನಂಗೆ ಬರಲ್ಲ, ಅಪ್ಪನ್ನ ಕೇಳು" ಅನ್ನೋದನ್ನ ನಾವು ಹೆಂಗಸ್ರು ಬಿಡ್ಬೇಕು ಕಣ್ರೇ. ಅದನ್ನ ಕೇಳಿ ಕೇಳಿ ಹೆಣ್ಮಕ್ಕಳು ಲೆಕ್ಕ ತಮ್ಮದಲ್ಲ ಅಂತ್ಲೇ ತಿಳ್ಕೊಂತಾರೆ.

ಈ ಲೆಕ್ಕನೇ ನೋಡಿ: ಮೂರು ಕ್ರಮಾನುಗತ ಪೂರ್ಣಾಂಕಗಳ ಮೊತ್ತ 51. ಅವು ಯಾವುವು? ಹೆಸರಿಗೆ ಹೆದರ್ಬೇಡಿ, ಒಂದಾದ್ಮೇಲೊಂದು ಬರೋ ಸಂಖ್ಯೆಗಳು ಅಷ್ಟೇ. ಮೂರು ಗುಡ್ಡೆ ತೆಂಗಿನಕಾಯಿ ಅಂದ್ಕೊಳ್ಳಿ, ಗುಡ್ಡೆಯಿಂದ ಗುಡ್ಡೆಗೆ ಒಂದು ಕಾಯಿ ಜಾಸ್ತಿ. ದೊಡ್ಡದ್ರಿಂದ ಒಂದು ತೆಗೆದು ಸಣ್ಣದಕ್ಕೆ ಹಾಕಿದ್ರೆ ಮೂರೂ ಸಮ. ಹಂಗಾದ್ರೆ 51ನ್ನ ಮೂರು ಪಾಲು ಮಾಡಿ, 17 ಬಂತು. ಅದೇ ನಡುವಿನದು. ಆಚೀಚೆ 16, 18.

ಸ್ಕೂಲಲ್ಲಿ ಸಾಮಾನ್ಯವಾಗಿ ಮೊದಲನೇದನ್ನ ಎಕ್ಸ್ ಅಂತ ಇಟ್ಕೊಂಡು 3ಎಕ್ಸ್ + 3 = 51 ಅಂತ ಬರೆಸ್ತಾರೆ. ಅದೂ ಸರಿನೇ. ಆದ್ರೆ ನಡುವಿನದನ್ನ ಎಕ್ಸ್ ಅಂದ್ರೆ, ಹಿಂದಿನದ್ರಲ್ಲಿ ಕಮ್ಮಿ ಇರೋ ಒಂದು, ಮುಂದಿನದ್ರಲ್ಲಿ ಜಾಸ್ತಿ ಇರೋ ಒಂದು ವಜಾ ಆಗಿ 3ಎಕ್ಸ್ = 51 ಅಷ್ಟೇ ಉಳಿಯುತ್ತೆ. ಬೀಜಗಣಿತನೂ ಗುಡ್ಡೆ ಸಮ ಮಾಡೋ ಕೆಲಸನೇ.

ಇದನ್ನ ಮನೆಮಾತಲ್ಲಿ ಹೇಳಕ್ಕೆ ನಾಚಿಕೆ ಬೇಡ. ನಮ್ಮ ಅಮೃತೇಶ್ವರನ ಗುಡಿ ಕಟ್ಟಿದ್ದು 1196ರಲ್ಲಿ. ಅದೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ನ ಕನ್ನಡದಲ್ಲೇ ಬರೆದಿದ್ದ.

ಉತ್ತರ ಬಂದ್ಮೇಲೆ ಮೂರನ್ನೂ ಕೂಡಿಸಿ ತಾಳೆ ನೋಡೋಕೆ ಹೇಳಿ. ಆಮೇಲೆ ಮೊತ್ತ 50 ಕೊಟ್ಟು ಸುಮ್ನೆ ಕೂತ್ಕೊಳ್ಳಿ. 50 ಮೂರು ಸಮಪಾಲು ಆಗಲ್ಲ, ಹಂಗಾಗಿ ಉತ್ತರವೇ ಇಲ್ಲ. ಅದನ್ನ ಮಗಳೇ ಕಂಡುಹಿಡೀಲಿ.