‘ಝೀ’ ಬೇಡ ಸ್ವಾಮಿ, ಇಪ್ಪತ್ತೈದೇ ಸಾಕು



ಕಳೆದ ತಿಂಗಳು ನಮ್ಮ ಪುಸ್ತಕ ಬಳಗದಲ್ಲಿ ಸೂ ಗ್ರಾಫ್ಟನ್ ಅವರ ಕಿನ್ಸಿ ಮಿಲ್‌ಹೋನ್ ಪತ್ತೇದಾರಿ ಕಾದಂಬರಿಗಳ ಬಗ್ಗೆ ಚರ್ಚೆ ನಡೆಯಿತಷ್ಟೆ. ಬಿಸಿಬೇಳೆ ಭಾತ್ ತಣ್ಣಗಾಗುವ ಮೊದಲೇ ತೀರ್ಪು ಹೊರಬಿತ್ತು. ಮೊದಲ ಹತ್ತು ಹನ್ನೆರಡು ಪುಸ್ತಕ ಚೆನ್ನಾಗಿವೆಯಂತೆ, ಆಮೇಲಿನವು ಬರೀ ಎಳೆದಾಟವಂತೆ. ‘ವೈ’ ಅಕ್ಷರಕ್ಕೆ ನಿಂತುಹೋದದ್ದು ಓದುಗರಿಗೆ ಮಾಡಿದ ಮೋಸ, ಬೇರೆ ಯಾರಿಂದಲಾದರೂ ‘ಝೀ’ ಬರೆಸಿ ಮುಗಿಸಬೇಕು ಎಂದರು ಒಬ್ಬರು. ಹೇಗೂ ಸೆಟ್ಟು ಪೂರ್ತಿಯಾಗುವುದಿಲ್ಲ, ಅದರ ಮೇಲೆ ಪತ್ತೇದಾರಿ ಬೇರೆ. ಕೂಟದ ಕಪಾಟಿನಿಂದ ತೆಗೆದು ಗರಾಜ್ ಸೇಲಿಗೆ ಹಾಕಿ ‘ಒಳ್ಳೆಯ ಸಾಹಿತ್ಯ’ಕ್ಕೆ ಜಾಗ ಮಾಡೋಣ ಎಂದರು ಇನ್ನೊಬ್ಬರು. ಇದಕ್ಕೆ ತಲೆಯಾಡಿಸಿದವರೇ ಹೆಚ್ಚು. ನಾನು ಆಗ ಅಡಿಗೆಮನೆ ಕಡೆ ಇದ್ದೆ, ಮಾತಾಡಲು ಆಗಲಿಲ್ಲ. ಆಗಿದ್ದರೆ ಜಗಳವೇ ಆಗುತ್ತಿತ್ತು ಅನ್ನುತ್ತಾರೆ ನಮ್ಮ ಯಜಮಾನರು. ಆದ್ದರಿಂದ ಈ ಪತ್ರ.

ಓದದವರಿಗಾಗಿ ಎರಡು ಮಾತು. 1982ರಲ್ಲಿ ‘ಎ ಈಸ್ ಫಾರ್ ಅಲಿಬೈ’ ಎಂದು ಶುರುವಾದ ಈ ಮಾಲೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹಿಡಿದು 2017ರಲ್ಲಿ ‘ವೈ ಈಸ್ ಫಾರ್ ಯೆಸ್ಟರ್‌ಡೇ’ವರೆಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಲೇಖಕಿ ತೀರಿಕೊಂಡರು. ಒಟ್ಟು 25 ಪುಸ್ತಕ. (ನಮ್ಮ ವರ್ಣಮಾಲೆ ಹಿಡಿದು ಹೊರಟಿದ್ದರೆ 49 ಬರೆಯಬೇಕಿತ್ತು, ‘ಙ’ಗೂ ‘ಞ’ಗೂ ಎಂಥ ಕೊಲೆ ಹುಡುಕುತ್ತಿದ್ದರೋ! ಇಂಗ್ಲಿಷಿನ ‘ಎಕ್ಸ್’ಗೇ ಜೊತೆಗೊಂದು ಪದ ಹಾಕದೆ ಬರೀ ‘ಎಕ್ಸ್’ ಎಂದು ಹೆಸರಿಟ್ಟರು.) ಕಥೆ ನಡೆಯುವ ಸಾಂತಾ ತೆರೇಸಾ ಎಂಬ ಊರನ್ನು ನಕ್ಷೆಯಲ್ಲಿ ಹುಡುಕಬೇಡಿ. ಅದು ಸಾಂತಾ ಬಾರ್ಬರಾಕ್ಕೆ ಇಟ್ಟ ಇನ್ನೊಂದು ಹೆಸರು, ಹಿಂದಿನ ತಲೆಮಾರಿನ ಪತ್ತೇದಾರಿ ಲೇಖಕ ರಾಸ್ ಮ್ಯಾಕ್‌ಡೊನಾಲ್ಡ್ ಅವರಿಂದ ಕಡ ತಂದದ್ದು. ಕಿನ್ಸಿ ಐದನೆಯ ವಯಸ್ಸಿಗೆ ಅಪ್ಪ ಅಮ್ಮನನ್ನು ಕಾರು ಅಪಘಾತದಲ್ಲಿ ಕಳೆದುಕೊಂಡವಳು, ಚಿಕ್ಕಮ್ಮನ ಕೈಯಲ್ಲಿ ಬೆಳೆದವಳು. ಎರಡು ಮದುವೆ, ಎರಡು ವಿಚ್ಛೇದನ. ಕೂದಲನ್ನು ಉಗುರು ಕತ್ತರಿಯಲ್ಲಿ ತಾನೇ ಕತ್ತರಿಸಿಕೊಳ್ಳುತ್ತಾಳೆ. ಪೀನಟ್ ಬಟರ್ ಜೊತೆ ಉಪ್ಪಿನ ಸೌತೆಕಾಯಿ ಇಟ್ಟು ಬ್ರೆಡ್ ತಿನ್ನುತ್ತಾಳೆ. ಅದನ್ನು ಮಾತ್ರ ನಾನು ಸಮರ್ಥಿಸಲಾರೆ.

ಮೊದಲ ಪುಸ್ತಕದಲ್ಲಿ ಕೊಲೆಗೆ ಬಳಸಿದ ವಿಷ ಓಲಿಯಾಂಡರ್, ಅಂದರೆ ನಮ್ಮ ಕಣಗಿಲೆ! ಊರಿನಲ್ಲಿ ಬೆಳಿಗ್ಗೆ ಎದ್ದು ದೇವರಿಗೆ ಕೊಯ್ಯುತ್ತಿದ್ದ ಹೂವು, ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀವೇಗಳ ನಡುವೆ ಮೈಲಿಗಟ್ಟಲೆ ನೆಟ್ಟಿದ್ದಾರಲ್ಲ, ಅದೇ. ವಿಚ್ಛೇದನದ ನಂತರ ಮಕ್ಕಳಿಗಾಗಿ ಕೋರ್ಟು ಹತ್ತಿದ್ದ ಕಾಲದಲ್ಲಿ ಮಾಜಿ ಗಂಡನನ್ನು ಹೇಗೆ ಮುಗಿಸಬಹುದೆಂದು ಲೆಕ್ಕ ಹಾಕುತ್ತಿದ್ದೆ, ಕೊಲ್ಲುವ ಬದಲು ಪುಸ್ತಕ ಬರೆದೆ ಎಂದು ಗ್ರಾಫ್ಟನ್ ಅವರೇ ಹೇಳಿಕೊಂಡಿದ್ದರು. ಇದನ್ನು ಓದಿದ ದಿನ ಆಕೆ ನನಗೆ ನೆರೆಮನೆಯವರಂತೆ ಕಂಡರು.

ಈಗ ‘ಎಳೆದಾಟ’ದ ಮಾತಿಗೆ ಬರೋಣ. ಕೊನೆಯ ಪುಸ್ತಕಗಳು ಇಟ್ಟಿಗೆ ಗಾತ್ರ, ಒಪ್ಪಿದೆ. ಪುಟಗಟ್ಟಲೆ ಕಾರಿನಲ್ಲಿ ಕಾಯುವುದು, ಕೌಂಟಿ ಕಚೇರಿಯಲ್ಲಿ ಹಳೆಯ ದಾಖಲೆ ತೆಗೆಸುವುದು, ಪಬ್ಲಿಕ್ ಲೈಬ್ರರಿಯಲ್ಲಿ ಊರಿನ ಹಳೆಯ ಡೈರೆಕ್ಟರಿ ತಿರುವಿಹಾಕುವುದು, ಸಿಕ್ಕಿದ್ದನ್ನೆಲ್ಲ ಒಂದೊಂದು ಕಾರ್ಡಿನ ಮೇಲೆ ಬರೆದಿಡುವುದು. ನಮ್ಮ ಮಿತ್ರರಿಗೆ ಇದು ಬೇಸರ. ಸ್ವಾಮಿ, ಪತ್ತೇದಾರಿ ಕೆಲಸ ಎಂದರೆ ಇದೇ ಅಲ್ಲವೇ? 1986ರಲ್ಲಿ ಮದುವೆಯಾಗಿ ಈ ದೇಶಕ್ಕೆ ಬಂದಾಗ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಲೈಬ್ರರಿಗೆ ನಡೆದು ಹೋಗಬಹುದಿತ್ತು, ಹೋದೆ. ಡಿಕ್ಷನರಿ ಇಲ್ಲದೆ ನಾನು ಓದಿ ಮುಗಿಸಿದ ಮೊದಲ ಇಂಗ್ಲಿಷ್ ಪುಸ್ತಕ ಈ ಮಾಲೆಯದು. ಒಬ್ಬಂಟಿ ಹೆಣ್ಣುಮಗಳೊಬ್ಬಳು ಸರಕಾರಿ ಕಚೇರಿಯ ಕೌಂಟರಿಗೆ ಹೋಗಿ, ಯಾರ ಶಿಫಾರಸೂ ಇಲ್ಲದೆ, ಆ ಫೈಲು ತೋರಿಸಿ ಎಂದು ಕೇಳಬಹುದು ಎನ್ನುವುದೇ ನನಗೆ ಹೊಸ ಸುದ್ದಿಯಾಗಿತ್ತು. ಕೊಲೆಗಾರ ಯಾರು ಎನ್ನುವುದು ಯಾವತ್ತೋ ಮರೆತುಹೋಗಿದೆ, ಆ ಕೌಂಟರು ನೆನಪಿದೆ.

ನಿಧಾನವಾದ ಪುಸ್ತಕಗಳೇ ಮಾಲೆಯ ಸಾರ ಎಂದು ನನ್ನ ವಾದ. ‘ಎಸ್ ಈಸ್ ಫಾರ್ ಸೈಲೆನ್ಸ್’ (2005) 1953ರಲ್ಲಿ ಕಾಣೆಯಾದ ಒಬ್ಬ ಹೆಂಗಸಿನ ಕಥೆ. ಊರಿಗೆ ಊರೇ ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದನ್ನು ಹತ್ತೇ ಪುಟದಲ್ಲಿ ಹೇಳಲಾಗುತ್ತದೆಯೇ? ಇನ್ನು ‘ಟಿ ಈಸ್ ಫಾರ್ ಟ್ರೆಸ್‌ಪಾಸ್’ (2007). ಕಿನ್ಸಿಯ ನೆರೆಯಲ್ಲಿ ಒಂಟಿ ಮುದುಕರೊಬ್ಬರು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆ. ನೋಡಿಕೊಳ್ಳಲು ಒಬ್ಬ ನರ್ಸ್ ಬರುತ್ತಾಳೆ, ಅದೂ ಬೇರೆಯವರ ಹೆಸರು, ಬೇರೆಯವರ ಸರ್ಟಿಫಿಕೇಟು ಕದ್ದುಕೊಂಡು. ದೂರದಲ್ಲಿರುವ ಸಂಬಂಧಿಕಳು ವ್ಯವಸ್ಥೆ ಮಾಡಿಯಾಯಿತು ಎಂದು ನಿಶ್ಚಿಂತೆಯಾಗಿರುತ್ತಾಳೆ. ನರ್ಸಿನ ಹಿನ್ನೆಲೆ ವಿಚಾರಿಸಲು ಕರೆದಾಗ ಕಿನ್ಸಿ ಮೇಲುಮೇಲೆ ವಿಚಾರಿಸಿ ಸರಿಯಾಗಿದೆ ಎಂದುಬಿಡುತ್ತಾಳೆ. ಜಾಣೆಯಾದ ನಾಯಕಿಯೇ ಉದಾಸೀನದಿಂದ ತಪ್ಪು ಮಾಡುವ ಈ ಪುಸ್ತಕ ನಿಮಗೆ ಎಳೆದಾಟವೇ?

ನನಗಲ್ಲ. ನಾನು ಅದನ್ನು ಓದಿದ್ದು 2009ರಲ್ಲಿ. ಆಗ ಮೈಸೂರಿನಲ್ಲಿ ನನ್ನ ತಂದೆಯವರನ್ನು ನೋಡಿಕೊಳ್ಳಲು ಒಂದೂವರೆ ವರ್ಷದಿಂದ ಒಬ್ಬಾಕೆ ಬರುತ್ತಿದ್ದಳು. ಪುಸ್ತಕ ಅರ್ಧ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು. ಊರಿನಲ್ಲಿ ಆಗ ಬೆಳಗಾಗಿತ್ತು, ತಮ್ಮನಿಗೆ ಫೋನು ಮಾಡಿದೆ. ಆಕೆಯ ಪೂರ್ತಿ ಹೆಸರೇನು, ಮನೆ ಎಲ್ಲಿ, ತಂದೆಯವರ ಪಾಸ್‌ಬುಕ್ ಯಾರ ಹತ್ತಿರ ಇದೆ? ಅವನಿಗೂ ಗೊತ್ತಿರಲಿಲ್ಲ. ಅಕ್ಕ ನೋಡಿಕೊಳ್ಳುತ್ತಾಳೆ ಎಂದು ಅವನು, ತಮ್ಮ ನೋಡಿಕೊಳ್ಳುತ್ತಾನೆ ಎಂದು ನಾನು. ವಿಚಾರಿಸಿದ ಮೇಲೆ ತಿಳಿದದ್ದು: ಆಕೆ ಅಪ್ಪಟ ಪ್ರಾಮಾಣಿಕಳು. ಪಾಸ್‌ಬುಕ್ ದೇವರ ಮನೆಯ ಡ್ರಾಯರಿನಲ್ಲಿತ್ತು, ಎಂಟು ತಿಂಗಳಿಂದ ಯಾರೂ ತುಂಬಿಸಿರಲಿಲ್ಲ. ಎರಡು ತಿಂಗಳ ಸಂಬಳ ಆಕೆಗೇ ಬಾಕಿ ಇತ್ತು! ಕೇಳಲು ಸಂಕೋಚಪಟ್ಟು ಸುಮ್ಮನಿದ್ದಳಂತೆ. ಕಳ್ಳಿಯನ್ನು ಹುಡುಕಲು ಹೊರಟವಳು ನಾನು, ತಪ್ಪಿತಸ್ಥರು ನಾವಿಬ್ಬರೇ ಎಂದು ಗೊತ್ತಾಯಿತು. ಈ ಕೂಟದಲ್ಲಿ ಊರಿನಲ್ಲಿ ವಯಸ್ಸಾದವರನ್ನು ಬಿಟ್ಟು ಬಂದಿರುವವರು ಎಷ್ಟು ಮನೆ ಎಂದು ಎಣಿಸಿ, ಆಮೇಲೆ ‘ಟಿ’ಯನ್ನು ಒಂದು ಡಾಲರಿಗೆ ಮಾರುವ ಮಾತಾಡಿ.

ಇನ್ನೊಂದು ದೂರು: ಕಿನ್ಸಿಗೆ ವಯಸ್ಸೇ ಆಗುವುದಿಲ್ಲ, ಕೊನೆಯವರೆಗೂ ಸೆಲ್ ಫೋನ್ ಇಲ್ಲ ಎಂದು. ಆಗುತ್ತದೆ, ನಿಧಾನವಾಗಿ. ಮೊದಲ ಪುಸ್ತಕದಲ್ಲಿ ಆಕೆಗೆ 32, ಕೊನೆಯ ಪುಸ್ತಕದ ಕಥೆ ನಡೆಯುವುದು 1989ರಲ್ಲಿ, ಆಗ ಆಕೆಗೆ 39. ಲೇಖಕಿ 35 ವರ್ಷ ಬರೆದರೂ ಕಥೆಯಲ್ಲಿ ಕಳೆದದ್ದು ಏಳು ವರ್ಷ. ಮುದುಕರಾದದ್ದು ನಾವು. ಮೊದಲ ಪುಸ್ತಕಗಳನ್ನು ಒಂದೇ ರಾತ್ರಿಗೆ ಮುಗಿಸುತ್ತಿದ್ದವರು ಈಗ ಹತ್ತು ಪುಟಕ್ಕೆ ಕನ್ನಡಕ ತೆಗೆದು ಆಕಳಿಸುತ್ತೇವೆ, ಆಮೇಲೆ ಪುಸ್ತಕ ನಿಧಾನ ಎನ್ನುತ್ತೇವೆ.

‘ಝೀ’ ವಿಷಯ. ಅದಕ್ಕೆ ಹೆಸರು ಗೊತ್ತಾಗಿತ್ತು, ‘ಝೀ ಈಸ್ ಫಾರ್ ಝೀರೋ’ ಎಂದು. ಪುಸ್ತಕ ಹುಟ್ಟಲಿಲ್ಲ. ಬೇರೆಯವರಿಂದ ಬರೆಸುವುದಿಲ್ಲ, ನಮ್ಮ ಪಾಲಿಗೆ ಅಕ್ಷರಮಾಲೆ ‘ವೈ’ಗೆ ಮುಗಿಯಿತು ಎಂದು ಮಗಳು ಆಗಲೇ ತಿಳಿಸಿದರು. ಬಾಸ್ಟನ್ನಿನ ಸ್ಪೆನ್ಸರ್ ಇಲ್ಲವೇ ಎಂದರು ಬಳಗದಲ್ಲಿ. ಇದ್ದಾನೆ. 1973ರಲ್ಲಿ ಅವನನ್ನು ಹುಟ್ಟಿಸಿದ ರಾಬರ್ಟ್ ಪಾರ್ಕರ್ 2010ರಲ್ಲಿ ತೀರಿಕೊಂಡರು. 2012ರಿಂದ ಏಸ್ ಆಟ್ಕಿನ್ಸ್, ಆಮೇಲೆ ಮೈಕ್ ಲುಪಿಕಾ ಆ ಮಾಲೆಯನ್ನು ಮುಂದುವರಿಸಿದರು. ಅವರ ಕುಟುಂಬದ ಇಷ್ಟ, ಓದುವವರು ಓದಲಿ. ಆದರೆ ಕಿನ್ಸಿ ಕೇಸು ಮುಗಿದ ಮೇಲೆ ನಮಗೆ ವರದಿ ಒಪ್ಪಿಸಿ ಕೆಳಗೆ ತನ್ನ ಹೆಸರು ಹಾಕುವವಳು. ಇನ್ನೊಬ್ಬರು ಆ ಹೆಸರು ಹಾಕಿದರೆ ಅದಕ್ಕೆ ನಮ್ಮೂರಿನಲ್ಲಿ ಕಳ್ಳ ರುಜು ಎನ್ನುತ್ತಾರೆ. ನಿಜ, ಸಿನಿಮಾಕ್ಕೂ ಟಿವಿಗೂ ಕೊಡಬೇಡಿ, ಕೊಟ್ಟರೆ ದೆವ್ವವಾಗಿ ಕಾಡುತ್ತೇನೆ ಎಂದು ಗ್ರಾಫ್ಟನ್ ಮಕ್ಕಳಿಗೆ ಹೇಳಿದ್ದರು, ಆದರೂ 2021ರಲ್ಲಿ ಟಿವಿ ಹಕ್ಕು ಕೈಬದಲಾಯಿತು. ಅದು ನನಗೂ ಹಿಡಿಸಲಿಲ್ಲ. ಒಂದು ಮಾತು ತಪ್ಪಿತೆಂದು ಇನ್ನೊಂದನ್ನೂ ತಪ್ಪಿಸಬೇಕೇ?

ಆಕೆಯ ತಂದೆ ಸಿ. ಡಬ್ಲ್ಯೂ. ಗ್ರಾಫ್ಟನ್ ವಕೀಲರು, ಅವರೂ ಪತ್ತೇದಾರಿ ಬರೆದವರು. ಮಕ್ಕಳ ಪದ್ಯವೊಂದರ ಸಾಲುಗಳನ್ನು ಹೆಸರಾಗಿಟ್ಟು ಒಂದು ಮಾಲೆ ಶುರುಮಾಡಿ ಎರಡಕ್ಕೇ ನಿಲ್ಲಿಸಿದರು. ಮಗಳು ಇಪ್ಪತ್ತೈದಕ್ಕೆ ಬಂದಳು. ಅದೇನು ಕಡಿಮೆಯೇ?

ಕಪಾಟಿನ ಬಗ್ಗೆ. ‘ಒಳ್ಳೆಯ ಸಾಹಿತ್ಯ’ ಎಂದು ಮೂಗು ಮುರಿದ ಹಿರಿಯರನ್ನೇ ಕೇಳುತ್ತೇನೆ: ನೀವು ಹೈಸ್ಕೂಲಿನಲ್ಲಿ ಜಾಮಿಟ್ರಿ ಪುಸ್ತಕದೊಳಗೆ ಇಟ್ಟುಕೊಂಡು ಓದಿದ್ದು ಯಾವುದು? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಾನೇ? 500ಕ್ಕೂ ಹೆಚ್ಚು ಕಾದಂಬರಿ ಬರೆದು ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಸಾಕಿದ ಆ ಮನುಷ್ಯರು 2011ರಲ್ಲಿ ತೀರಿಕೊಂಡಾಗ ನಮ್ಮ ಈ ಪತ್ರಿಕೆಯಲ್ಲಿ ಎರಡು ಸಾಲು ಬರಲಿಲ್ಲ. ನನ್ನ ತಾಯಿ ಮಧ್ಯಾಹ್ನ ಪಾತ್ರೆ ಬೋರಲು ಹಾಕಿದ ಮೇಲೆ ಓದುತ್ತಿದ್ದದ್ದೂ ಅವನ್ನೇ, ಮಾವನವರ ಹೆಜ್ಜೆ ಸಪ್ಪಳ ಕೇಳಿದರೆ ಅಕ್ಕಿ ಡಬ್ಬಕ್ಕೆ ಸೇರಿಸಿಬಿಡುತ್ತಿದ್ದರು. ಹಾಗೆ ಬಚ್ಚಿಟ್ಟು ಓದಿದವರ ಮಕ್ಕಳು ನಾವು, ಡೇವಿಸ್‌ನಲ್ಲೋ ಫ್ರೀಮಾಂಟ್‌ನಲ್ಲೋ ಕೂತು ಅದೇ ಮಾವನವರ ಪಾತ್ರ ಮಾಡುತ್ತಿದ್ದೇವೆ.

ಕಪಾಟಿನಲ್ಲಿ ಜಾಗ ಇಲ್ಲ ಎನ್ನುವುದಾದರೆ ಕೆಳಗಿನ ಎರಡು ಅರೆಗಳಲ್ಲಿರುವ ಹಳೆಯ ಟೆಲಿಫೋನ್ ಪುಸ್ತಕಗಳನ್ನೂ ಒಡೆದ ಕಾಫಿ ಅರ್ನ್ ಅನ್ನೂ ಮೊದಲು ತೆಗೆಯಿರಿ. ಮುಂದಿನ ಸಭೆಯಲ್ಲಿ ನಾನು ಅಡಿಗೆಮನೆ ಕಡೆ ಇರುವುದಿಲ್ಲ. ಅಂದ ಹಾಗೆ, ನಮ್ಮ ಸೆಟ್ಟಿನಲ್ಲಿ ‘ಝೀ’ಗಿಂತ ಮೊದಲು ‘ಕೆ’ ಇಲ್ಲ. ಯುಗಾದಿ ಕಾರ್ಯಕ್ರಮದ ದಿನ ತೆಗೆದುಕೊಂಡು ಹೋದವರು ದಯವಿಟ್ಟು ತಂದಿಡಿ.

— ಕೂಟದ ಹಳೆಯ ಸದಸ್ಯೆ