ಕಡಲಿಗೆ ಇಳಿಯುವ ಮುನ್ನ ಹಾಕುವ ಸಹಿ

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರ ದೋಣಿಗಳು ಹೊರಡುತ್ತವೆ. ದಡದಿಂದ ಸುಮಾರು ಹತ್ತು ನಾಟಿಕಲ್ ಮೈಲಿ, ಅಂದರೆ 18-19 ಕಿ.ಮೀ. ದೂರ. ಅಲ್ಲಿನ ತಿಳಿನೀರಿನಲ್ಲಿ ಹವಳ ಹಾಗೂ ಬಣ್ಣದ ಮೀನುಗಳನ್ನು ಕಣ್ಣಾರೆ ಕಂಡು ಸಂಜೆಯೊಳಗೆ ಹಿಂದಿರುಗಬಹುದು. ಮಕ್ಕಳು ಮರಿಗಳೊಂದಿಗೆ ಹೋಗಿಬರುವುದು ಸಂತೋಷದ ವಿಷಯವೇ. ನನ್ನ ತಕರಾರು ಇರುವುದು ನೀರಿಗೆ ಇಳಿಸುವ ಮೊದಲು ಸಹಿ ಹಾಕಿಸಿಕೊಳ್ಳುವ ಕಾಗದದ ಬಗ್ಗೆ.

ಹೃದ್ರೋಗ, ರಕ್ತದೊತ್ತಡ, ಉಬ್ಬಸ, ಮೂರ್ಛೆರೋಗ ಇದೆಯೇ ಎಂದು ಅದರಲ್ಲಿ ಕೇಳಿರುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಹಣವನ್ನೂ ಕಟ್ಟಿ, ದೋಣಿ ಹೊರಡುವ ಹೊತ್ತಿಗೆ 'ಇದೆ' ಎಂದು ಬರೆಯುವ ಧೈರ್ಯ ಎಷ್ಟು ಜನರಿಗೆ ಇದ್ದೀತು? ಎಲ್ಲಕ್ಕೂ 'ಇಲ್ಲ' ಎಂದು ಗೀಚಿ ಸಹಿ ಹಾಕುತ್ತಾರೆ. ಆ ಸಹಿ ದೋಣಿಯವರಿಗೆ ರಕ್ಷಣೆಯಾದೀತು, ನಿಮಗಲ್ಲ.

ಸ್ನಾರ್ಕಲಿಂಗ್ ಎಂದರೆ ಮುಖಕ್ಕೆ ಮುಸುಕು, ಬಾಯಿಗೆ ಉಸಿರಿನ ಕೊಳವೆ ಧರಿಸಿ ತಲೆ ತಗ್ಗಿಸಿ ತೇಲುವುದು. ತೇಲುವುದರಲ್ಲಿ ಏನು ಕಷ್ಟ ಎನಿಸಬಹುದು. ಆದರೆ ಕುತ್ತಿಗೆಯವರೆಗೆ ನೀರಿಗೆ ಇಳಿದಾಗ ನೀರಿನ ಒತ್ತಡಕ್ಕೆ ಕೈಕಾಲುಗಳಲ್ಲಿನ ಅರ್ಧ ಲೀಟರಿಗೂ ಮಿಕ್ಕ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಕೊಳವೆಯ ಮೂಲಕ ಉಸಿರೆಳೆಯಲು ಹೆಚ್ಚು ಶ್ರಮ ಬೇಕು. ಇವುಗಳ ಜೊತೆಗೆ ಅಲೆ ಮತ್ತು ಗಾಬರಿ. ಆರೋಗ್ಯವಂತ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಹೃದಯ ದುರ್ಬಲವಾಗಿದ್ದರೆ, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದಿದ್ದರೆ ಶ್ವಾಸಕೋಶದಲ್ಲಿ ನೀರು ಸೇರಿ ಏದುಸಿರು ಬರಬಹುದು. ಕೂಗಿ ಕರೆಯೋಣವೆಂದರೆ ಬಾಯಿಯಲ್ಲಿ ಕೊಳವೆ. ಮೀನು ನೋಡುತ್ತಾ ತೇಲುವವನೂ ಪ್ರಜ್ಞೆ ತಪ್ಪಿದವನೂ ದೋಣಿಯಿಂದ ನೋಡಿದರೆ ಒಂದೇ ರೀತಿ ಕಾಣುತ್ತಾರೆ!

ಸಕ್ಕರೆ ಕಾಯಿಲೆಯವರದು ಇನ್ನೊಂದು ಅಪಾಯ. ವಾಂತಿಯ ಭಯಕ್ಕೆ ಬೆಳಗಿನ ತಿಂಡಿ ಬಿಟ್ಟು, ಇನ್ಸುಲಿನ್ ಮಾತ್ರ ಚುಚ್ಚಿಕೊಂಡು ಹೊರಟರೆ ನೀರಿನಲ್ಲೇ ಸಕ್ಕರೆಯ ಅಂಶ ಕುಸಿಯಬಹುದು. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಒಂದೆರಡು ಗಂಟೆ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ಪ್ರಯೋಜನ ಕಡಿಮೆ. ಅದರಿಂದ ತೂಕಡಿಕೆ ಬರುವವರು ನೀರಿಗೆ ಇಳಿಯಬಾರದು. ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯಲೇಬಾರದು.

ಹಾಗಾದರೆ ಏನು ಮಾಡಬೇಕು? ಆ ಪ್ರಶ್ನೆಪತ್ರ ಸೀಟು ಕಾದಿರಿಸುವ ದಿನವೇ, ಕನ್ನಡದಲ್ಲಿಯೂ, ಪ್ರವಾಸಿಗರ ಕೈಸೇರಬೇಕು. 'ಇದೆ' ಎಂದು ನಿಜ ಹೇಳಿದವರ ಹಣ ಮುಟ್ಟುಗೋಲಾಗಬಾರದು. ನಿಜಕ್ಕೆ ದಂಡ ಹಾಕಿದರೆ ಸುಳ್ಳೇ ಬರುತ್ತದೆ. ದಡದಲ್ಲಿ ರಕ್ತದೊತ್ತಡ ಅಳೆಯುವ ಉಪಕರಣ ಇಡುವುದೇನು ದೊಡ್ಡ ಖರ್ಚಲ್ಲ. ನಮ್ಮ ವೈದ್ಯ ಬಂಧುಗಳಿಗೂ ಒಂದು ಮಾತು: ಹೊರಡುವ ಹಿಂದಿನ ಸಂಜೆ ಬಂದು "ಒಂದು ಫಿಟ್‌ನೆಸ್ ಬರೆದುಕೊಡಿ ಡಾಕ್ಟ್ರೇ" ಎಂದವರಿಗೆ ಎದೆಗೆ ಸ್ಟೆತಾಸ್ಕೋಪ್ ಇಡದೆ ಬರೆದುಕೊಡುವುದು ಉಪಕಾರವಲ್ಲ.

ಹೋಗುವವರು ಚೆನ್ನಾಗಿ ಈಜು ಬಂದರೂ ಲೈಫ್ ಜಾಕೆಟ್ ಕಳಚಬೇಡಿ. ಇಬ್ಬಿಬ್ಬರಾಗಿ ಇಳಿದು ಒಬ್ಬರ ಮೇಲೊಬ್ಬರು ಕಣ್ಣಿಡಿ. ಏದುಸಿರು ಬಂದರೆ ಕೊಳವೆ ತೆಗೆದು, ಅಂಗಾತ ತಿರುಗಿ, ಕೈ ಎತ್ತಿ ಕರೆಯಿರಿ. ಹೃದಯದ ತೊಂದರೆ ಇರುವ ಹಿರಿಯರು ದಡದಲ್ಲೇ ಕುಳಿತು ಕಡಲನ್ನು ನೋಡಿದರೂ ಪ್ರವಾಸಕ್ಕೆ ಕುಂದೇನಿಲ್ಲ.